ಅಕ್ವೇರಿಯಂ ನೆಲದ ಎಚ್‌ಸಿ ಕ್ಯೂಬಾ ಗಿಡದ ಹಾಸು: ಏಕೆ ಕರಗುತ್ತದೆ, ಏಕೆ ಎದ್ದು ತೇಲುತ್ತದೆ

ಪ್ರಶ್ನೆ (ಬೆಂಗಳೂರು, ಅಪಾರ್ಟ್‌ಮೆಂಟ್):
ನಮಸ್ಕಾರ ಸರ್. ಟ್ಯಾಂಕ್ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರ. 9 ಲೀಟರ್ ಆಕ್ವಾ ಸಾಯಿಲ್ (ಗಿಡಕ್ಕೆ ಸಾರ ಇರುವ ಮಣ್ಣಿನ ಹರಳು) ಹಾಕಿದೆ. 36 ವ್ಯಾಟ್ ಎಲ್‌ಇಡಿ ದಿನಕ್ಕೆ 10 ಗಂಟೆ ಉರಿಯುತ್ತೆ. ಸಿಲಿಂಡರಿನಿಂದ ಸಿಓ2 (ಕಾರ್ಬನ್ ಡೈಆಕ್ಸೈಡ್), ಎರಡು ಸೆಕೆಂಡಿಗೆ ಒಂದು ಗುಳ್ಳೆ. ಟಿಶ್ಯೂ ಕಲ್ಚರ್ (ಲ್ಯಾಬಿನಲ್ಲಿ ಜೆಲ್ ಮೇಲೆ ಬೆಳೆಸಿದ) ಎಚ್‌ಸಿ ಕ್ಯೂಬಾ 3 ಕಪ್ ನೆಟ್ಟು 16 ದಿನ ಆಯ್ತು. ಎಲೆ ಹಳದಿಯಾಗಿ ಕರಗ್ತಾ ಇದೆ, ದಿನಾ ಬೆಳಗ್ಗೆ ಒಂದಷ್ಟು ತುಣುಕು ತೇಲ್ತಾ ಇರುತ್ತೆ. ಡ್ರಾಪ್ ಚೆಕರ್ (ಸಿಓ2 ಮಟ್ಟವನ್ನು ಬಣ್ಣದಲ್ಲಿ ತೋರಿಸೋ ಪುಟ್ಟ ಬುರುಡೆ) ಹಸಿರೇ ಇದೆ. 4 ಕೋರಿಡೋರಸ್ ಮೀನು, ಸ್ಪಾಂಜ್ ಫಿಲ್ಟರ್. ಗೊಬ್ಬರ ಜಾಸ್ತಿ ಮಾಡ್ಲಾ?

ಉತ್ತರ (ಆಕ್ವಾಸ್ಕೇಪರ್, ಅಂದರೆ ಅಕ್ವೇರಿಯಂನಲ್ಲಿ ಗಿಡದ ತೋಟ ಮಾಡುವವರು):
ಗೊಬ್ಬರ ಮುಟ್ಟಬೇಡಿ. ಹೊಸ ಸಾಯಿಲ್‌ನಲ್ಲಿ ಈಗ ಬೇಕಾದ್ದಕ್ಕಿಂತ ಹೆಚ್ಚೇ ಸಾರ ಇದೆ. ಮೊದಲು ಇಷ್ಟು ಅಳೆದು ಹೇಳಿ: ನಲ್ಲಿ ನೀರಿನ ಕೆಎಚ್ (ಬೈಕಾರ್ಬನೇಟ್ ಗಡಸುತನ), ಜಿಎಚ್ (ಕ್ಯಾಲ್ಸಿಯಂ, ಮೆಗ್ನೀಷಿಯಂ ಗಡಸುತನ), ಟ್ಯಾಂಕ್ ನೀರಿನ ಕೆಎಚ್, ಲೈಟ್ ಹಾಕಿ ಮೂರು ಗಂಟೆಯಾದ ಮೇಲೆ ಟ್ಯಾಂಕಿನ ಪಿಎಚ್. ಜೊತೆಗೆ ಒಂದು ಲೋಟ ಟ್ಯಾಂಕ್ ನೀರು ತೆಗೆದು 24 ಗಂಟೆ ಹಾಗೇ ಇಟ್ಟು (ಅದರಲ್ಲಿನ ಸಿಓ2 ಹಾರಿಹೋಗಲಿ) ಅದರ ಪಿಎಚ್ ಕೂಡ ನೋಡಿ. ಡ್ರಾಪ್ ಚೆಕರ್ ಒಳಗೆ ಯಾವ ನೀರು ತುಂಬಿದ್ದೀರಿ?

ಪ್ರಶ್ನೆ ಕೇಳಿದವರು:
ನಲ್ಲಿ: ಕೆಎಚ್ 11, ಜಿಎಚ್ 1. ನಮ್ಮಲ್ಲಿ ಬೋರ್‌ವೆಲ್ ನೀರು ಸಾಫ್ಟ್‌ನರ್ ಮೂಲಕ ಬರುತ್ತೆ. ಟ್ಯಾಂಕ್ ಕೆಎಚ್ 7. ಟ್ಯಾಂಕ್ ಪಿಎಚ್ 7.4, ಲೋಟದ ನೀರು 7.8. ಡ್ರಾಪ್ ಚೆಕರ್‌ಗೆ ಅಡುಗೆಮನೆ ಆರ್‌ಓ ನೀರು, ಮೂರು ಹನಿ ದ್ರಾವಣ. ಜಿಎಚ್ 1 ಅಂದ್ರೆ ಮೆದು ನೀರೇ ಅಲ್ವಾ ಸರ್?

ಉತ್ತರ:
ಅಲ್ಲ, ಎಡವಿದ್ದು ಅಲ್ಲೇ. ಸಾಫ್ಟ್‌ನರ್ ಕ್ಯಾಲ್ಸಿಯಂ, ಮೆಗ್ನೀಷಿಯಂ ಕಿತ್ತುಕೊಂಡು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಸೋಪು ನೊರೆ ಬರುತ್ತೆ, ಗೀಸರ್‌ಗೆ ಬಿಳಿ ಕಲೆ ಕಟ್ಟೋದಿಲ್ಲ. ಆದರೆ ಬೈಕಾರ್ಬನೇಟ್ ಒಂದು ಚೂರೂ ಇಳಿಯೋದಿಲ್ಲ, ಕೆಎಚ್ 11 ಅಂದರೆ 11. ಗಿಡಕ್ಕೆ ಬೇಕಾದ ಕ್ಯಾಲ್ಸಿಯಂ ಇಲ್ಲ, ಬೇಡದ ಸೋಡಿಯಂ ಇದೆ. ಸಾಯಿಲ್ ಆ ಕೆಎಚ್ ಅನ್ನು ನುಂಗುತ್ತಾ ನಿಮ್ಮ ಟ್ಯಾಂಕನ್ನು 7ಕ್ಕೆ ಇಳಿಸಿದೆ. ಪ್ರತಿ ಸಲ ನೀರು ಬದಲಿಸಿದಾಗಲೂ ಅದರ ಶಕ್ತಿ ಅಷ್ಟಷ್ಟೇ ಸವೆಯುತ್ತದೆ.

ಎರಡನೆಯದು ಡ್ರಾಪ್ ಚೆಕರ್. ಹಸಿರು ಅಂದರೆ ಸಿಓ2 30 ಪಿಪಿಎಂ (ಲೀಟರಿಗೆ 30 ಮಿ.ಗ್ರಾಂ) ಎಂಬ ಲೆಕ್ಕ ಒಳಗಿರುವ ದ್ರಾವಣದ ಕೆಎಚ್ ಸರಿಯಾಗಿ 4 ಇದ್ದಾಗ ಮಾತ್ರ ನಿಜ. ಸೂತ್ರ ಇದು: ಸಿಓ2 = 3 × ಕೆಎಚ್ × 10ರ (7 − ಪಿಎಚ್) ಘಾತ. ಹಸಿರು ಕಾಣುವುದು ಪಿಎಚ್ 6.6ರ ಹತ್ತಿರ. ಕೆಎಚ್ 4 ಆದರೆ 30 ಬರುತ್ತದೆ. ಆರ್‌ಓ ನೀರಿನ ಕೆಎಚ್ 1 ಎಂದಿಟ್ಟುಕೊಂಡರೆ ಅದೇ ಹಸಿರು 7–8 ಪಿಪಿಎಂಗೇ ಬಂದುಬಿಡುತ್ತದೆ. ನಿಮ್ಮ ಪಿಎಚ್ ಕೂಡ ಅದನ್ನೇ ಹೇಳ್ತಿದೆ: ಟ್ಯಾಂಕ್ ಕೆಎಚ್ 7, ಪಿಎಚ್ 7.4 ಅಂದರೆ ಸುಮಾರು 8 ಪಿಪಿಎಂ. ಲೋಟದ ನೀರಿಗೂ ಟ್ಯಾಂಕಿಗೂ 0.4 ಅಷ್ಟೇ ವ್ಯತ್ಯಾಸ. ಎಚ್‌ಸಿಗೆ ಹತ್ತಿರಹತ್ತಿರ 1.0 ಬೇಕು. ಗಿಡ ಕರಗುತ್ತಿರುವುದು ಹಸಿವಿನಿಂದ, ಆ ಹಸಿವು ಇಂಗಾಲದ್ದು. 10 ಗಂಟೆ ಬೆಳಕು ಅದನ್ನು ಇನ್ನಷ್ಟು ಹೆಚ್ಚಿಸುತ್ತಿದೆ.

4 ಕೆಎಚ್ ದ್ರಾವಣ ಮನೆಯಲ್ಲೇ ಮಾಡಬಹುದು. 1 ಲೀಟರ್ ಡಿಸ್ಟಿಲ್ಡ್ ನೀರಿಗೆ 1.2 ಗ್ರಾಂ ಅಡುಗೆ ಸೋಡಾ ಕರಗಿಸಿದರೆ ಕೆಎಚ್ 40. ಅದರಲ್ಲಿ 100 ಮಿ.ಲೀ. ತೆಗೆದು 900 ಮಿ.ಲೀ. ಡಿಸ್ಟಿಲ್ಡ್ ನೀರಿಗೆ ಬೆರೆಸಿದರೆ ಕೆಎಚ್ 4. ಬೇಕಿಂಗ್ ಪೌಡರ್ ಅಲ್ಲ, ಸೋಡಾ. 0.1 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಇದಕ್ಕೆ ಸಾಕು. ಬಣ್ಣ ಬದಲಾಗಲು ಒಂದೆರಡು ಗಂಟೆ ಹಿಡಿಯುತ್ತದೆ, ಆದ್ದರಿಂದ ವಾಲ್ವ್ ತಿರುಗಿಸಿದ ತಕ್ಷಣ ಅದನ್ನು ನೋಡಿ ತೀರ್ಮಾನಿಸಬೇಡಿ.

ಈಗ ಮಾಡಬೇಕಾದ್ದು. ಸ್ಪಾಂಜ್ ಫಿಲ್ಟರ್ ತೆಗೆಯಿರಿ, ಅದರ ಗಾಳಿಗುಳ್ಳೆ ನೀವು ದುಡ್ಡು ಕೊಟ್ಟು ಹಾಕಿದ ಸಿಓ2ವನ್ನು ಹೊರಗೆ ಹೊಡೆಯುತ್ತಿದೆ. ಸಾಯಿಲ್, ಕಲ್ಲು ಕಳೆದು ನಿಮ್ಮ ಟ್ಯಾಂಕಿನಲ್ಲಿ 45 ಲೀಟರ್ ನೀರು ಇರಬಹುದು. ಗಂಟೆಗೆ 300–450 ಲೀಟರಿನ ಹ್ಯಾಂಗ್ ಆನ್ (ಗಾಜಿಗೆ ನೇತುಹಾಕುವ) ಅಥವಾ ಕ್ಯಾನಿಸ್ಟರ್ (ಹೊರಗಿಡುವ ಡಬ್ಬಿ) ಫಿಲ್ಟರ್ ಹಾಕಿ. ಹಳೇ ಸ್ಪಾಂಜನ್ನು ಬಿಸಾಡದೆ ಹೊಸ ಫಿಲ್ಟರಿನ ಒಳಗೆ ತುರುಕಿ, ಬ್ಯಾಕ್ಟೀರಿಯಾ ಉಳಿಯುತ್ತದೆ. ಡಿಫ್ಯೂಸರಿನ (ಸಿಓ2ವನ್ನು ಸಣ್ಣ ಗುಳ್ಳೆ ಮಾಡುವ ಸಾಧನ) ಸಣ್ಣ ಗುಳ್ಳೆಗಳು ಮುಂದಿನ ಗಾಜಿನ ಬುಡದವರೆಗೂ ಮಂಜಿನಂತೆ ಹರಿದು ಬರಬೇಕು. ಎಚ್‌ಸಿ ಇರುವುದು ನೆಲದಲ್ಲಿ, ಸಿಓ2 ಮೇಲ್ಗಡೆ ಸುತ್ತಾಡಿದರೆ ಅದಕ್ಕೆ ಸಿಗೋದಿಲ್ಲ.

ಸಿಓ2 ಲೈಟಿಗಿಂತ 2 ಗಂಟೆ ಮುಂಚೆ ಶುರುವಾಗಲಿ, ಲೈಟ್ ಆರುವುದಕ್ಕೆ 1 ಗಂಟೆ ಮುಂಚೆ ನಿಲ್ಲಲಿ. ಸೆಕೆಂಡಿಗೆ 1 ಗುಳ್ಳೆಯಿಂದ ಆರಂಭಿಸಿ ಎರಡು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಏರಿಸಿ. ಪಿಎಚ್ ವ್ಯತ್ಯಾಸ 1.0 ತಲುಪುವ ದಿನ ಮನೆಯಲ್ಲೇ ಇರಿ. ಮೀನು ಮೇಲೆ ಬಂದು ಬಾಯಿ ಬಡಿಯತೊಡಗಿದರೆ ಗ್ಯಾಸ್ ನಿಲ್ಲಿಸಿ ಗಾಳಿಪಂಪು ಹಾಕಿ. ಲೈಟನ್ನು ಇವತ್ತೇ ದಿನಕ್ಕೆ 6 ಗಂಟೆಗೆ ಇಳಿಸಿ, ಮೂರು ವಾರ ಹಾಗೇ ಇರಲಿ.

ನೀರು: ಆರ್‌ಓ ಬಳಸಿ. ಫಿಲ್ಟರಿನಿಂದ ಹೊರಗೆ ಹೋಗುವ ರಿಜೆಕ್ಟ್ ನೀರು ಖಂಡಿತ ಬೇಡ, ಉಪ್ಪೆಲ್ಲ ಗಟ್ಟಿಯಾಗಿರೋದು ಅದರಲ್ಲೇ. 20 ಲೀಟರ್ ಕ್ಯಾನಿಗೆ 1.8 ಗ್ರಾಂ ಕ್ಯಾಲ್ಸಿಯಂ ಸಲ್ಫೇಟ್, 0.9 ಗ್ರಾಂ ಎಪ್ಸಮ್ ಸಾಲ್ಟ್ (ಮೆಗ್ನೀಷಿಯಂ ಸಲ್ಫೇಟ್) ಹಾಕಿದರೆ ಜಿಎಚ್ 4ರಷ್ಟು ಏರುತ್ತದೆ. ಕ್ಯಾಲ್ಸಿಯಂ ಸಲ್ಫೇಟ್ ನಿಧಾನ ಕರಗುತ್ತದೆ, ಹಿಂದಿನ ರಾತ್ರಿಯೇ ಕಲಸಿಡಿ. ಟ್ಯಾಂಕ್ ಕೆಎಚ್ ಒಮ್ಮೆಲೇ ಬೀಳಿಸಬೇಡಿ: ದಿನ ಬಿಟ್ಟು ದಿನ 30 ಶೇಕಡ ಬದಲಿಸುತ್ತಾ ಸುಮಾರು ಒಂದು ವಾರದಲ್ಲಿ 2–3ಕ್ಕೆ ತನ್ನಿ. ಕೆಎಚ್ ಇಳಿದಂತೆ ಲೋಟದ ನೀರಿನ ಪಿಎಚ್ ಕೂಡ ಇಳಿಯುತ್ತದೆ, ಆದ್ದರಿಂದ ಪ್ರತಿ ವಾರ ಹೊಸದಾಗಿ ಅಳೆಯಿರಿ.

ಕೋರಿಗಳು ಒಳ್ಳೆಯ ಮೀನು, ಆದರೆ ನೆಲ ಕೆದಕುವುದು ಅವುಗಳ ಸ್ವಭಾವ. ಬೇರು ಹಿಡಿಯುವ ತನಕ ಬೇರೆ ಟ್ಯಾಂಕಿಗೆ ಬಿಡಿ. ಹೊಸ ಸಾಯಿಲ್ ಅಮೋನಿಯಾ ಬೇರೆ ಬಿಡುತ್ತಿರುತ್ತದೆ, ಅವುಗಳ ಒಳ್ಳೆಯದಕ್ಕೂ ಅದೇ ಸರಿ.

ಉತ್ತರಕ್ಕೆ ಸೇರಿಸಿ (ಗಿಡದ ನರ್ಸರಿಯವರು):
ಕರಗಿದ್ದೆಲ್ಲ ಸತ್ತಿದ್ದಲ್ಲ ಅಂತ ನೆನಪಿರಲಿ. ಟಿಶ್ಯೂ ಕಲ್ಚರ್ ಕಪ್‌ನಲ್ಲಿ ಬೆಳೆದ ಎಲೆ ನೀರೊಳಗೆ ಬದುಕುವುದಕ್ಕೆ ಆದದ್ದಲ್ಲ, ಅದು ಹೋಗಿ ಹೊಸದು ಬರಬೇಕು. ಟಾರ್ಚ್ ಹಿಡಿದು ಗಾಜಿಗೆ ಕಣ್ಣಿಟ್ಟು ನೋಡಿ. ದಂಟಿನ ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಎರಡು ಎಲೆ ಎದುರುಬದುರಾಗಿ ಕಡು ಹಸಿರಿದ್ದರೆ ಬುಡದ ಹಳದಿಗೆ ಚಿಂತೆ ಬೇಡ. ದಂಟೇ ಗಾಜಿನಂತೆ ಪಾರದರ್ಶಕವಾಗಿದ್ದರೆ ಅದು ಮುಗಿಯಿತು, ಸೈಫನ್‌ನಲ್ಲಿ ಎಳೆದುಹಾಕಿ. ಬಿಟ್ಟರೆ ಕೊಳೆತು ಪಕ್ಕದ್ದನ್ನೂ ಹಾಳುಮಾಡುತ್ತೆ.

ಮತ್ತೆ ನೆಡುವಾಗ ಜೆಲ್ ಪೂರ್ತಿ ತೊಳೆಯಿರಿ. 1–1.5 ಸೆಂ.ಮೀ. ಗೊಂಚಲು ಮಾಡಿ, ಚಿಮುಟದಲ್ಲಿ ಓರೆಯಾಗಿ ಒತ್ತಿ, ಚಿಮುಟವನ್ನು ಅಲ್ಲಾಡಿಸುತ್ತಾ ಹೊರಗೆ ತೆಗೆಯಿರಿ. ಎಲೆಯ ತುದಿ ಮಾತ್ರ ಕಾಣಬೇಕು. ನಡುವೆ 2 ಸೆಂ.ಮೀ. ಅಂತರ ಸಾಕು. ಬಹಳ ಜನ ಮೇಲೆಮೇಲೆ ಇಡ್ತಾರೆ, ಮಾರನೇ ಬೆಳಗ್ಗೆ ತೇಲೋದು ಅದೇ.

ಪ್ರಶ್ನೆ (ಹಾಸನ):
ಸಿಲಿಂಡರ್ ತಗೊಳ್ಳೋಕೆ ಈಗ ಆಗಲ್ಲ ಸರ್. ಸಿಟ್ರಿಕ್ ಆಸಿಡ್, ಅಡುಗೆ ಸೋಡಾ ಬಾಟಲಿಯಲ್ಲಿ ಎಚ್‌ಸಿ ಬರುತ್ತಾ?

ಉತ್ತರ:
1 ಅಡಿ, ಒಂದೂವರೆ ಅಡಿ ಟ್ಯಾಂಕಿಗೆ ಬರುತ್ತೆ. 200 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್), 200 ಗ್ರಾಂ ಸೋಡಾ, 600 ಮಿ.ಲೀ. ನೀರು. ಆಸಿಡ್ ನೀರು ಒಂದು ಬಾಟಲಿಯಲ್ಲಿ, ಸೋಡಾ ಇನ್ನೊಂದರಲ್ಲಿ; ಆಸಿಡ್ ಸ್ವಲ್ಪ ಸ್ವಲ್ಪವೇ ಸೋಡಾಕ್ಕೆ ಹೋಗಬೇಕು. ಎಲ್ಲ ಒಟ್ಟಿಗೆ ಒಂದೇ ಬಾಟಲಿಯಲ್ಲಿ ಕಲಸಿ ಮುಚ್ಚಿದರೆ ಬಾಟಲಿ ಸಿಡಿಯುತ್ತದೆ. ಇದರಿಂದ 100 ಗ್ರಾಂ ಆಸುಪಾಸು ಸಿಓ2 ಹುಟ್ಟುತ್ತದೆ. ಎರಡೂ ಬಾಟಲಿ 2 ಲೀಟರಿನ ತಂಪುಪಾನೀಯದ್ದೇ ಇರಲಿ, ಕುಡಿಯುವ ನೀರಿನ ತೆಳು ಬಾಟಲಿ ಒತ್ತಡ ತಡೆಯದು. ಪ್ರೆಶರ್ ಗೇಜ್, ಸೂಜಿ ವಾಲ್ವ್ (ಗುಳ್ಳೆ ಹೆಚ್ಚುಕಡಿಮೆ ಮಾಡಲು), ಚೆಕ್ ವಾಲ್ವ್ (ನೀರು ಹಿಂದಕ್ಕೆ ಬರದಂತೆ) ಮೂರೂ ಬೇಕು. ಸೋಡಾ ಬಾಟಲಿ ಮುಟ್ಟಿದರೆ ತಣ್ಣಗಿರುತ್ತದೆ, ಹೆದರಬೇಡಿ, ಈ ಕ್ರಿಯೆ ಶಾಖ ಹೀರಿಕೊಳ್ಳುತ್ತದೆ. ತೊಂದರೆ ಇರುವುದು ಕೊನೆಕೊನೆಗೆ: ಒತ್ತಡ ಇಳಿದಾಗ ಗುಳ್ಳೆ ತಪ್ಪುತ್ತದೆ. ಹೀಗೆ ಏರುಪೇರಾಗುವ ಸಿಓ2ಗೇ ಕಲ್ಲಿನ ಅಂಚಲ್ಲಿ ಕಪ್ಪು ಕುಂಚದಂಥ ಪಾಚಿ ಹತ್ತುತ್ತದೆ. ಗೇಜ್ ಇಳಿಯತೊಡಗಿದ ದಿನವೇ ಎರಡೂ ಬಾಟಲಿ ಹೊಸದಾಗಿ ತುಂಬಿ.

ಪ್ರಶ್ನೆ (ಮೈಸೂರು):
ನಾಲ್ಕು ತಿಂಗಳಿಂದ ಚೆನ್ನಾಗಿದ್ದ ಹಾಸು ನಿನ್ನೆ ಒಂದು ಮೂಲೆಯಿಂದ ಚಾಪೆ ಥರ ಎದ್ದು ತೇಲಿದೆ. ಕೆಳಗಡೆ ಕಂದು. ಏನು ರೋಗ?

ಉತ್ತರ:
ರೋಗ ಅಲ್ಲ ಮೇಡಂ, ಕತ್ತರಿ ಆಡಿಸಿಲ್ಲ. ಎಚ್‌ಸಿ ಅಡ್ಡ ಹರಡಿ ಮುಗಿದ ಮೇಲೆ ತನ್ನ ಮೇಲೆಯೇ ಏರುತ್ತದೆ. 3 ಸೆಂ.ಮೀ. ದಪ್ಪವಾದರೆ ಕೆಳಗಿನ ಪದರಕ್ಕೆ ಬೆಳಕೂ ಇಲ್ಲ, ನೀರಿನ ಓಟವೂ ಇಲ್ಲ. ಅದು ಕೊಳೆತು ಬೇರು ಬಿಡುತ್ತದೆ. ಮೇಲಿನ ಪದರ ಮಧ್ಯಾಹ್ನ ಬಿಡುವ ಆಮ್ಲಜನಕದ ಗುಳ್ಳೆ ಒಳಗೆ ಸಿಕ್ಕಿಕೊಂಡು ಚಾಪೆಯನ್ನೇ ಎತ್ತುತ್ತದೆ.

ಎದ್ದ ಭಾಗವನ್ನು ಮತ್ತೆ ಒತ್ತಿ ಕೂರಿಸಿದರೆ ನಿಲ್ಲೋದಿಲ್ಲ. ಕತ್ತರಿಸಿ ಹೊರತೆಗೆದು ಕಂದು ಭಾಗ ಎಲ್ಲ ಕಳೆಯಿರಿ, ಹಸಿರು ಪದರವನ್ನು ತುಣುಕು ಮಾಡಿ ನೆಡಿ. ಎದ್ದಿಲ್ಲದ ಕಡೆ ಬಾಗಿದ ಕತ್ತರಿಯಿಂದ 1 ಸೆಂ.ಮೀ.ಗೆ ಇಳಿಸಿ. ಫಿಲ್ಟರ್ ನಿಲ್ಲಿಸಿ, ಚೂರುಗಳನ್ನು ಬಲೆಯಲ್ಲಿ ಹಿಡಿದು, ಸೈಫನ್ ಮಾಡಿ 50 ಶೇಕಡ ನೀರು ಬದಲಿಸಿ. ಮೂರ್ನಾಲ್ಕು ದಿನ ಬೋಳು ಕಾಣುತ್ತದೆ, ಕೈ ಹಿಂಜರಿಯಬಾರದು. ಮುಂದೆ 2 ಸೆಂ.ಮೀ. ಮುಟ್ಟಿದಾಗಲೆಲ್ಲ ಕತ್ತರಿ.

ನಾಲ್ಕು ತಿಂಗಳಾದ ಸಾಯಿಲ್‌ಗೆ ಈಗ ಗೊಬ್ಬರ ಕೊಡಬಹುದು. 45 ಲೀಟರಿಗೆ ವಾರಕ್ಕೆ 1 ಗ್ರಾಂ ಪೊಟ್ಯಾಷಿಯಂ ನೈಟ್ರೇಟ್ ಅಂದರೆ 13–14 ಪಿಪಿಎಂ ನೈಟ್ರೇಟ್, ಅದನ್ನು ಮೂರು ಸಲಕ್ಕೆ ಹಂಚಿ. ಜೊತೆಗೆ ಮೊನೊ ಪೊಟ್ಯಾಷಿಯಂ ಫಾಸ್ಫೇಟ್ ವಾರಕ್ಕೆ 0.1 ಗ್ರಾಂ, ಸೂಕ್ಷ್ಮ ಪೋಷಕ ಬೇರೆ ದಿನ.

ಪ್ರಶ್ನೆ (ಕಲಬುರಗಿ):
ಬೇಸಿಗೆಯಲ್ಲಿ ಟ್ಯಾಂಕ್ ನೀರು 32 ಡಿಗ್ರಿ ಆಗುತ್ತೆ. ಉಳಿಯುತ್ತಾ?

ಉತ್ತರ:
ಎಚ್‌ಸಿಗೆ 20–26 ಹಿತ, 28 ದಾಟಿದರೆ ಕಷ್ಟ. ಬಿಸಿ ನೀರಲ್ಲಿ ಸಿಓ2 ಕಡಿಮೆ ಕರಗುತ್ತದೆ, ಗಿಡದ ಉಸಿರಾಟದ ಖರ್ಚು ಮಾತ್ರ ಏರುತ್ತದೆ. ನೀರಿನ ಮೇಲ್ಮೈಗೆ ಫ್ಯಾನ್ ಇಟ್ಟರೆ 2–3 ಡಿಗ್ರಿ ಇಳಿಯುತ್ತದೆ. ನಿಮ್ಮ ಒಣ ಹವೆಯಲ್ಲಿ ಇದು ಮಂಗಳೂರಿಗಿಂತ ಚೆನ್ನಾಗಿ ಕೆಲಸ ಮಾಡುತ್ತೆ. ಆರಿದಷ್ಟು ನೀರನ್ನು ಬರೀ ಆರ್‌ಓದಿಂದ ತುಂಬಿ, ಇಲ್ಲದಿದ್ದರೆ ಉಪ್ಪು ಗಟ್ಟಿಯಾಗುತ್ತಾ ಹೋಗುತ್ತದೆ. ಲೈಟ್ ಬೆಳಗ್ಗೆ 5ರಿಂದ 11ರವರೆಗೆ ಇಡಿ. ಇಷ್ಟಾದರೂ 30ರ ಕೆಳಗೆ ಬರದಿದ್ದರೆ ಮಾಂಟೆ ಕಾರ್ಲೊ ಹಾಕಿ. ಎಲೆ ಸ್ವಲ್ಪ ದೊಡ್ಡದು, ನೋಟ ಹತ್ತಿರಹತ್ತಿರ ಅದೇ, ಬೇರು ಗಟ್ಟಿ.

ಪ್ರಶ್ನೆ (ಶಿರಸಿ):
ನಮ್ಮ ಕಡೆಯದೇ ಹಾಸು ಗಿಡ ಯಾವುದಾದ್ರೂ ಇದೆಯಾ?

ಉತ್ತರ:
ಯುಟ್ರಿಕ್ಯುಲೇರಿಯಾ ಗ್ರಾಮಿನಿಫೋಲಿಯಾ, ಯುಜಿ ಅಂತಾರೆ. ಭಾರತದ ಜೌಗು ನೆಲಗಳದ್ದೇ ಗಿಡ, ಹುಲ್ಲಿನಂಥ ಎಲೆ, ಸೂಕ್ಷ್ಮ ಜೀವಿ ಹಿಡಿಯುವ ಪುಟ್ಟ ಚೀಲಗಳಿರುತ್ತವೆ. ದಯವಿಟ್ಟು ಘಟ್ಟದಿಂದ ಕಿತ್ತು ತರಬೇಡಿ, ಟಿಶ್ಯೂ ಕಲ್ಚರ್ ಕಪ್ ಸಿಗುತ್ತದೆ. ಅಮೋನಿಯಾ ಇದಕ್ಕೆ ಆಗದು, ಸಾಯಿಲ್ ಹಾಕಿ ಕನಿಷ್ಠ ಒಂದು ತಿಂಗಳು ಕಳೆದು, ಪರೀಕ್ಷೆಯಲ್ಲಿ ಸೊನ್ನೆ ಬಂದ ಮೇಲೆ ನೆಡಿ. ಎಚ್‌ಸಿ ಥರ ಬಿಡಿಬಿಡಿ ಮಾಡಬೇಡಿ, 2 ಸೆಂ.ಮೀ. ಚೌಕದ ತುಂಡುಗಳನ್ನು ಹಾಗೇ ಒತ್ತಿ ಕೂರಿಸಿ.