1977ರ ಫಾರ್ವರ್ಡು ಮತ್ತು 28ರಲ್ಲಿ 26 ಸೀಟು

ಹಿಸ್ಟರಿ ಎಂ.ಎ. ಹಳೇ ಬ್ಯಾಚ್, ಭಾನುವಾರ ಬೆಳಗ್ಗೆ

ಶಂಕರ (ಫಾರ್ವರ್ಡ್): *1977: ಭಾರತ ಎದ್ದು ನಿಂತ ವರ್ಷ!* ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಜನ ಒಂದಾಗಿ ಇಂದಿರಾ ಸರ್ಕಾರವನ್ನು ಕಿತ್ತೊಗೆದರು. ಮೊರಾರ್ಜಿ ದೇಸಾಯಿ ತಮ್ಮ ಮೊದಲ ಸಹಿಯಲ್ಲೇ ತುರ್ತು ಪರಿಸ್ಥಿತಿ ರದ್ದು ಮಾಡಿದರು. ಜಾರ್ಜ್ ಫರ್ನಾಂಡಿಸ್ ಒಂದೇ ಆದೇಶದಲ್ಲಿ ಕೋಕಾ ಕೋಲಾ ಓಡಿಸಿದರು. ಅದೇ ವರ್ಷ ಕಾರಂತರಿಗೆ ಜ್ಞಾನಪೀಠ. ಹೆಮ್ಮೆಯ ಭಾರತೀಯರಾದರೆ 10 ಜನಕ್ಕೆ ಕಳಿಸಿ 🙏

ಸುಜಾತಾ: ಚೆನ್ನಾಗಿದೆ. ನಮ್ಮ ಕಾಲೇಜಿನ ಗೋಡೆಪತ್ರಿಕೆಗೆ ಹಾಕ್ಕೊಳ್ಲಾ?

ಲಲಿತಾ: ಬೇಡ ಕಣೇ. ಜ್ಞಾನಪೀಠದ ಸಾಲೊಂದು ಸರಿ, ಉಳಿದದ್ದೆಲ್ಲ ಅರೆಬೆಂದದ್ದು.

ಶಂಕರ: ಏನು ತಪ್ಪು ಹೇಳು ನೋಡೋಣ. ಸುಮ್ಮನೆ ಕೊಕ್ಕೆ ತೆಗೀಬೇಡ.

ಲಲಿತಾ: ಸಹಿಯಿಂದಲೇ ಶುರು ಮಾಡೋಣ. ಮತದಾನ ಮಾರ್ಚ್ 16ರಿಂದ 20. ಆಂತರಿಕ ತುರ್ತು ಪರಿಸ್ಥಿತಿ ರದ್ದಾದದ್ದು 21ಕ್ಕೆ. ಮೊರಾರ್ಜಿ ಪ್ರಮಾಣವಚನ 24ಕ್ಕೆ. ಸೋಲು ಖಚಿತವಾದ ಮೇಲೆ ಇಂದಿರಾ ಸಂಪುಟವೇ ಶಿಫಾರಸು ಮಾಡಿತು, ಹಂಗಾಮಿ ರಾಷ್ಟ್ರಪತಿ ಬಿ.ಡಿ. ಜತ್ತಿ ಸಹಿ ಹಾಕಿದರು. ಫಕ್ರುದ್ದೀನ್ ಅಲಿ ಅಹ್ಮದ್ ಫೆಬ್ರವರಿ 11ಕ್ಕೇ ತೀರಿಕೊಂಡಿದ್ದರು. ನಮ್ಮ ಜಮಖಂಡಿ ಕಡೆಯವರ ಸಹಿಯನ್ನ ಗುಜರಾತಿನವರ ಖಾತೆಗೆ ಬರೆದುಬಿಟ್ಟಿದ್ದಾರೆ.

ಅನ್ವರ್: ಒಂದು ಸೇರಿಸ್ತೀನಿ. ಆಗ ಜಾರಿಯಲ್ಲಿದ್ದದ್ದು ಎರಡು ತುರ್ತು ಪರಿಸ್ಥಿತಿ. 1971ರ ಡಿಸೆಂಬರ್ 3ಕ್ಕೆ ಯುದ್ಧದ ಕಾರಣಕ್ಕೆ ಘೋಷಿಸಿದ್ದನ್ನ ಯಾರೂ ವಾಪಸ್ ತಗೊಂಡೇ ಇರಲಿಲ್ಲ. ಅದು ಹೋದದ್ದು 1977ರ ಮಾರ್ಚ್ 27ಕ್ಕೆ, ಅಂದ್ರೆ ಮೊರಾರ್ಜಿ ಬಂದ ಮೇಲೆ.

ಶಂಕರ: ಮತ್ತೆ? ಮೊರಾರ್ಜಿ ತೆಗೆದದ್ದು ನಿಜ ಅಂತಾಯ್ತಲ್ಲ!

ಅನ್ವರ್: ಯುದ್ಧದ್ದನ್ನ ತೆಗೆದರು. ನಿನ್ನ ಫಾರ್ವರ್ಡು ಹೇಳ್ತಿರೋದು ಪತ್ರಿಕೆಗಳ ಬಾಯಿ ಕಟ್ಟಿ, ನಾಯಕರನ್ನ ಜೈಲಿಗೆ ಹಾಕಿದ್ದನ್ನ. ಅದು 1975ರ ಜೂನ್ 25ರದ್ದು.

ಪ್ರಭಾಕರ: ಸಹಿ ಆಮೇಲೆ ನೋಡ್ಕೊಳ್ಳಿ. "ಜನ ಒಂದಾಗಿ" ಅನ್ನೋದು ದೊಡ್ಡ ಎಡವಟ್ಟು. ಕರ್ನಾಟಕದ 28ರಲ್ಲಿ 26 ಕಾಂಗ್ರೆಸ್ಸಿಗೆ. ಆಂಧ್ರದಲ್ಲಿ 42ರಲ್ಲಿ 41. ಕೇರಳದ ಇಪ್ಪತ್ತಕ್ಕೆ ಇಪ್ಪತ್ತೂ ಕಾಂಗ್ರೆಸ್–ಸಿಪಿಐ ಕೂಟಕ್ಕೆ. ಆ ಕಡೆ ಯು.ಪಿ.ಯ 85, ಬಿಹಾರದ 54, ಎರಡೂ ಕಡೆ ಕಾಂಗ್ರೆಸ್ ಸೊನ್ನೆ. ಇದು ಒಂದು ದೇಶ ಕೊಟ್ಟ ಒಂದು ತೀರ್ಪಲ್ಲ.

ಶಂಕರ: ಹಾಗಾದ್ರೆ ಕರ್ನಾಟಕದವರು ತುರ್ತು ಪರಿಸ್ಥಿತಿ ಪರ ಅಂತೀಯಾ? ಆಡ್ವಾಣಿ, ವಾಜಪೇಯಿ, ದಂಡವತೆ ಎಲ್ಲರನ್ನೂ ಹಿಡಿದು ಹಾಕಿದ್ದು ಬೆಂಗಳೂರು ಜೈಲಿಗೇ. ನಟಿ ಸ್ನೇಹಲತಾ ರೆಡ್ಡಿ ಅದೇ ಜೈಲಲ್ಲಿ ಅಸ್ತಮಾದಿಂದ ನರಳಿದ್ದು ಮರೆತೆಯಾ?

ಲಲಿತಾ: ಯಾರೂ ಮರೆತಿಲ್ಲ ಶಂಕರ. 1977ರ ಜನವರಿ 15ಕ್ಕೆ ಪೆರೋಲ್ ಮೇಲೆ ಬಿಟ್ಟರು, 20ಕ್ಕೆ ತೀರಿಕೊಂಡರು. ನಡುವೆ 18ಕ್ಕೆ ಚುನಾವಣೆ ಘೋಷಣೆ. ಗೋಡೆಪತ್ರಿಕೆಗೆ ಹಾಕಬೇಕಾದದ್ದು ಆ ಮೂರು ತಾರೀಕು, ನಿನ್ನ ಕೋಲಾ ಅಲ್ಲ. ಆದರೆ ಜೈಲು ಇಲ್ಲಿತ್ತು ಅಂದ ಮಾತ್ರಕ್ಕೆ ಓಟೂ ಹಾಗೇ ಬಿತ್ತು ಅನ್ನೋಕಾಗಲ್ಲ.

ಪ್ರಭಾಕರ: ಪರ–ವಿರೋಧಕ್ಕಿಂತ ಲೆಕ್ಕ ನೋಡು. ದೇಶದಲ್ಲಿ ವಿರೋಧ ಪಕ್ಷಗಳು ಸೇರಿ ಕಟ್ಟಿದ ಜನತಾಗೆ ಬಿದ್ದದ್ದು ಶೇ. 41 ಚಿಲ್ಲರೆ, ಸೀಟು 295. ಕಾಂಗ್ರೆಸ್ಸಿಗೆ ಶೇ. 34 ಚಿಲ್ಲರೆ, ಸೀಟು 154. 1971ರಲ್ಲಿ ಕಾಂಗ್ರೆಸ್ ಶೇ. 43 ಚಿಲ್ಲರೆಯಲ್ಲೇ 352 ಹೊಡೆದಿತ್ತು, ಯಾಕಂದ್ರೆ ಎದುರಿನ ಓಟು ಚೆಲ್ಲಾಪಿಲ್ಲಿ ಆಗಿತ್ತು. 77ರಲ್ಲಿ ಕ್ಷೇತ್ರಕ್ಕೊಬ್ಬನೇ ಎದುರಾಳಿ, ಒಂದೇ ಚಿಹ್ನೆ. ಕರ್ನಾಟಕದಲ್ಲೂ ಜನತಾಗೆ ಶೇ. 40ರ ಆಸುಪಾಸು ಬಿದ್ದಿತ್ತು. ಆದರೆ ಇಲ್ಲಿ ಕಾಂಗ್ರೆಸ್ ಅರ್ಧ ದಾಟಿತ್ತು, ಹಾಗಾಗಿ ಆ ನಲವತ್ತಕ್ಕೆ ದಕ್ಕಿದ್ದು ಎರಡೇ ಸೀಟು: ಹಾಸನ, ಬೆಂಗಳೂರು ದಕ್ಷಿಣ.

ಪ್ರಭಾಕರ: ಸುಜಾತಾ, ಮಕ್ಕಳ ಕೈಲಿ ಹುಡುಕಿಸೋದಾದ್ರೆ ಒಂದು ಮಾತು. ಚುನಾವಣಾ ಆಯೋಗದ ಪಟ್ಟಿಯಲ್ಲಿ "ಜನತಾ ಪಕ್ಷ" ಅಂತ ನೋಡಿದ್ರೆ 295 ಸಿಗಲ್ಲ. ಪಕ್ಷ ವಿಧಿವತ್ತಾಗಿ ಹುಟ್ಟಿದ್ದೇ ಮೇ 1ಕ್ಕೆ. ಚುನಾವಣೆಗೆ ನಿಂತದ್ದು ಅದರೊಳಗೆ ಸೇರಿದ ಪಕ್ಷಗಳಲ್ಲೊಂದಾದ ಭಾರತೀಯ ಲೋಕದಳದ ಚಕ್ರದೊಳಗಿನ ನೇಗಿಲು ಹೊತ್ತ ರೈತನ ಗುರುತಲ್ಲಿ. ಆ ಹೆಸರಿನ ಕಾಲಂ ನೋಡಬೇಕು. ಎಷ್ಟೋ ಪ್ರಾಜೆಕ್ಟ್ ವರದಿ ಇಲ್ಲೇ ಮುಗ್ಗರಿಸೋದು.

ಸುಜಾತಾ: ಬರ್ಕೊಂಡೆ. ಬೆಂಗಳೂರು ದಕ್ಷಿಣ ಅಂದ್ರೆ ಕೆ.ಎಸ್. ಹೆಗ್ಡೆ ಅಲ್ವಾ?

ಅನ್ವರ್: ಹೌದು. 1973ರಲ್ಲಿ ಹಿರಿತನ ಮೀರಿ ಎ.ಎನ್. ರೇ ಅವರನ್ನ ಮುಖ್ಯ ನ್ಯಾಯಮೂರ್ತಿ ಮಾಡಿದಾಗ ರಾಜೀನಾಮೆ ಕೊಟ್ಟ ಮೂವರು ನ್ಯಾಯಮೂರ್ತಿಗಳಲ್ಲಿ ಒಬ್ಬರು. ಜುಲೈನಲ್ಲಿ ಸಂಜೀವ ರೆಡ್ಡಿ ರಾಷ್ಟ್ರಪತಿ ಆಗೋಕೆ ಸ್ಪೀಕರ್ ಕುರ್ಚಿ ಬಿಟ್ಟರು, ಅದರಲ್ಲಿ ಕೂತದ್ದು ಹೆಗ್ಡೆ. ರೆಡ್ಡಿ ಗೆದ್ದ ನಂದ್ಯಾಲವೇ ಆಂಧ್ರದ ಆ ಉಳಿದ ಒಂದು ಸೀಟು.

ಲಲಿತಾ: ಇಲ್ಲಿ ಕಾಂಗ್ರೆಸ್ ಅರ್ಧ ದಾಟಿದ್ದಕ್ಕೆ ಕಾರಣ ಆಗಿನ ಮುಖ್ಯಮಂತ್ರಿ ದೇವರಾಜ ಅರಸು. 1974ರ ಭೂಸುಧಾರಣೆ ತಿದ್ದುಪಡಿ ಬಂದ ಮೇಲೆ ಗೇಣಿದಾರ ತಾನು ಉಳುವ ಭೂಮಿ ತನ್ನ ಹೆಸರಿಗೆ ಬೇಕು ಅಂತ ಫಾರಂ ನಂಬರ್ 7 ತುಂಬಿ ತಾಲ್ಲೂಕಿನ ಭೂನ್ಯಾಯ ಮಂಡಳಿಗೆ ಕೊಡಬೇಕಿತ್ತು. ಅಲ್ಲಿ ಅಸಿಸ್ಟೆಂಟ್ ಕಮಿಷನರ್ ಜೊತೆ ಕೂತವರು ಸರ್ಕಾರ ನೇಮಿಸಿದ ಸದಸ್ಯರು, ವಕೀಲರಿಗೆ ಪ್ರವೇಶ ಇರಲಿಲ್ಲ. 77ರ ಮಾರ್ಚ್‌ನಲ್ಲಿ ರಾಶಿ ಅರ್ಜಿ ಇನ್ನೂ ಇತ್ಯರ್ಥ ಆಗಿರಲಿಲ್ಲ. ತನ್ನ ಪಹಣಿ ಮಂಡಳಿ ಮುಂದೆ ಇರೋವಾಗ, ಆ ಮಂಡಳಿ ನೇಮಿಸಿದ ಪಕ್ಷವನ್ನ ಯಾರು ಸೋಲಿಸ್ತಾರೆ?

ಅನ್ವರ್: ಅರಸು ಕಾರಣ ಒಪ್ತೀನಿ, ಅದೊಂದೇ ಅಂದ್ರೆ ಒಪ್ಪಲ್ಲ. ಆಂಧ್ರದಲ್ಲಿ ಅರಸು ಇರಲಿಲ್ಲ, ಫಾರಂ 7 ಇರಲಿಲ್ಲ, ಆದರೂ 41. ತಮಿಳುನಾಡಲ್ಲಿ 76ರ ಜನವರಿಯಲ್ಲಿ ಡಿಎಂಕೆ ಸರ್ಕಾರವನ್ನೇ ವಜಾ ಮಾಡಿದ್ರು, ಅಲ್ಲೂ ಕಾಂಗ್ರೆಸ್–ಅಣ್ಣಾ ಡಿಎಂಕೆ ಕೂಟವೇ ಗೆದ್ದದ್ದು. ದಕ್ಷಿಣಕ್ಕೆಲ್ಲ ಹೊಂದೋ ಕಾರಣ ಬೇರೆ ಇದೆ. 1976–77ರಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆ ಆಯ್ತು. ಬಲವಂತದ ಕಹಿ ಮನೆಮನೆಗೆ ಮುಟ್ಟಿದ್ದು ಹರಿಯಾಣ, ದಿಲ್ಲಿ, ಯು.ಪಿ. ಕಡೆ. ಸೆನ್ಸಾರ್ ಇದ್ದದ್ದರಿಂದ ಆ ಸುದ್ದಿ ಇಲ್ಲಿಗೆ ಬರಲೂ ಇಲ್ಲ. ತನ್ನ ಸೆನ್ಸಾರ್ ಉತ್ತರದಲ್ಲಿ ಕಾಂಗ್ರೆಸ್ಸನ್ನ ಕುರುಡು ಮಾಡ್ತು, ದಕ್ಷಿಣದಲ್ಲಿ ಕಾಪಾಡ್ತು.

ಲಲಿತಾ: ಕೊನೇ ವಾಕ್ಯ ಚೆನ್ನಾಗಿದೆ, ಪುರಾವೆ ಕಮ್ಮಿ. 78ರ ಫೆಬ್ರವರಿಯಲ್ಲಿ ಸೆನ್ಸಾರ್ ಇರಲಿಲ್ಲ, ತುರ್ತು ಪರಿಸ್ಥಿತಿಯ ಅತಿರೇಕ ತನಿಖೆ ಮಾಡ್ತಿದ್ದ ಶಾ ಆಯೋಗದ ವಿಚಾರಣೆ ದಿನಾ ಪೇಪರಲ್ಲಿ ಬರ್ತಿತ್ತು. ಆಗಲೂ ಅರಸು 224ರಲ್ಲಿ 149 ಗೆದ್ದರು. ಅದಕ್ಕೇನಂತೀಯಾ?

ಅನ್ವರ್: ಅದು ವಿಧಾನಸಭೆ.

ಲಲಿತಾ: ಓಟು ಹಾಕಿದವರು ಅವರೇ ಅಲ್ವೇನೋ?

ಶಂಕರ: ನೀವಿಬ್ರೂ ಕಿತ್ತಾಡಿ. ಕೋಕಾ ಕೋಲಾ ಓಡಿಸಿದ್ದಾದ್ರೂ ನಿಜ ತಾನೇ?

ಪ್ರಭಾಕರ: ಹೋದದ್ದು ನಿಜ, ಒಂದೇ ಆದೇಶದಲ್ಲಿ ಅಲ್ಲ. ಕಾನೂನು ಇಂದಿರಾ ಕಾಲದ್ದು: 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ, ಫೆರಾ. ಇಂಥ ಕಂಪನಿ ವಿದೇಶಿ ಪಾಲನ್ನ ಶೇ. 40ಕ್ಕೆ ಇಳಿಸಬೇಕಿತ್ತು. ಸೂತ್ರ, ಹಿಡಿತ ಎರಡನ್ನೂ ಬಿಟ್ಟುಕೊಡಲ್ಲ ಅಂತ ಕಂಪನಿಯೇ ಗಂಟುಮೂಟೆ ಕಟ್ಟಿತು. ಜಾರ್ಜ್ ಮೊದಲು ಸಂಪರ್ಕ ಖಾತೆಯಲ್ಲಿದ್ದರು, ಕೈಗಾರಿಕೆ ಆಮೇಲೆ ಸಿಕ್ಕಿದ್ದು. ಅವರ ಪಾತ್ರ ಪಟ್ಟು ಸಡಿಲಿಸದೇ ಇದ್ದದ್ದು. ಅದರ ಜಾಗಕ್ಕೆ ಬಂದ ಸರ್ಕಾರಿ ಡಬಲ್ ಸೆವೆನ್ ಪಾನೀಯದ ಸೂತ್ರ ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐದು, ತಯಾರಿಕೆ ಮಾಡರ್ನ್ ಬೇಕರಿಯದು. ಹೆಸರಲ್ಲೇ 77 ಇಟ್ಕೊಂಡ ಮೇಲೆ 1980ರಲ್ಲಿ ವಾಪಸ್ ಬಂದ ಇಂದಿರಾ ಸರ್ಕಾರ ಅದನ್ನ ಸಾಕುತ್ತಾ?

ಶಂಕರ: ಏನೇ ಹೇಳಿ, ಪ್ರಜಾಪ್ರಭುತ್ವ ವಾಪಸ್ ತಂದದ್ದು ಜನತಾ.

ಅನ್ವರ್: ತಂದರು. ತಂದ ತಿಂಗಳಲ್ಲೇ ಒಂಬತ್ತು ಕಾಂಗ್ರೆಸ್ ರಾಜ್ಯಗಳ ವಿಧಾನಸಭೆ ವಿಸರ್ಜನೆಗೂ ಕೈ ಹಾಕಿದರು. ಯಾಕೆ ಗೊತ್ತಾ? ರಾಷ್ಟ್ರಪತಿ ಸ್ಥಾನ ತೆರವಾದರೆ ಆರು ತಿಂಗಳೊಳಗೆ ಚುನಾವಣೆ ಆಗಬೇಕು, ಅದರಲ್ಲಿ ಶಾಸಕರ ಓಟಿದೆ. ರಾಜ್ಯಸಭೆಯಲ್ಲಿ ಕಾಂಗ್ರೆಸ್ ಬಹುಮತ, ಅಲ್ಲಿಗೆ ಕಳಿಸೋರೂ ಶಾಸಕರೇ. ತುರ್ತು ಪರಿಸ್ಥಿತಿಯಲ್ಲಿ ಸಂವಿಧಾನಕ್ಕೆ ತಂದ 42ನೇ ತಿದ್ದುಪಡಿ ಕೀಳಬೇಕಾದರೆ ಆ ಸದನವೂ ಬೇಕು. ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋಗಿ ಸೋತವು. ಜತ್ತಿ ಮೀನಮೇಷ ಎಣಿಸಿ ಏಪ್ರಿಲ್ 30ಕ್ಕೆ ಸಹಿ ಹಾಕಿದರು. ಡಿಸೆಂಬರ್ 31ಕ್ಕೆ ಕರ್ನಾಟಕಕ್ಕೂ ರಾಷ್ಟ್ರಪತಿ ಆಳ್ವಿಕೆ ಬಂತು.

ಸುಜಾತಾ: ಸಾಕು, ನಾಳೆ ಬೋರ್ಡಿಗೆ ಅಂಟಿಸಬೇಕು. ಸಂಸ್ಕೃತಿ ಕಡೆ ಏನು ಹಾಕ್ಲಿ?

ಲಲಿತಾ: ಕಾರಂತರ ಜ್ಞಾನಪೀಠ, "ಮೂಕಜ್ಜಿಯ ಕನಸುಗಳು" ಕಾದಂಬರಿಗೆ. ಪಕ್ಕದಲ್ಲೇ, ತುರ್ತು ಪರಿಸ್ಥಿತಿ ವಿರೋಧಿಸಿ ಪದ್ಮಭೂಷಣ ವಾಪಸ್ ಕೊಟ್ಟವರೂ ಅವರೇ ಅಂತ ಬರಿ. ಕಾಸರವಳ್ಳಿಯವರ "ಘಟಶ್ರಾದ್ಧ" ಆ ವರ್ಷದ ಚಿತ್ರ, ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಬಂತು. ಸೆಪ್ಟೆಂಬರ್ 24ಕ್ಕೆ ಕಲ್ಕತ್ತಾದಲ್ಲಿ ಪೆಲೆ ಆಡಿದ್ದು, ಮೋಹನ್ ಬಗಾನ್ ವಿರುದ್ಧ 2–2. ಜಾಗ ಉಳಿದರೆ ಅದು.

ಶಂಕರ: ಇಷ್ಟೆಲ್ಲ ಬರೆದರೆ ಯಾರೂ ಫಾರ್ವರ್ಡ್ ಮಾಡಲ್ಲ.

ಪ್ರಭಾಕರ: ಮಾಡೋದು ಬೇಡ ಮಾರಾಯ. ಸುಜಾತಾ, ಅಂಟಿಸೋ ಮುಂಚೆ ಫೋಟೋ ಕಳಿಸು, ನಂದ್ಯಾಲದ ಒತ್ತಕ್ಷರ ನೋಡಿಕೊಡ್ತೀನಿ.