ಬೆಳಗಾವಿ–ಬೆಂಗಳೂರು ವಿಮಾನ: ಕಾಲು ಚಾಚುವ ಸೀಟಿಗೆ ಬೇರೆ ದುಡ್ಡು ಕೊಡಬೇಕಾ?

ಈ ವಾರ ಗುಂಪಿನವರ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿರುವವರು ಬೆಳಗಾವಿಯ ಟಿಳಕವಾಡಿಯಲ್ಲಿ ಟಿಕೆಟ್ ಬುಕಿಂಗ್ ಆಫೀಸು ನಡೆಸುತ್ತಾರೆ. ಅದಕ್ಕೂ ಮೊದಲು ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲಿದ್ದವರು.

ಪ್ರಶ್ನೆ (ಗೋಕಾಕ): ನಮಸ್ಕಾರ ಸರ್. ನಾನು ಆರಡಿ ಮೂರಿಂಚು ಇದ್ದೀನಿ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಹೋಗಬೇಕು. ಬುಕ್ ಮಾಡುವಾಗ ಕಾಲಿಗೆ ಜಾಸ್ತಿ ಜಾಗ ಇರೋ ‘ಎಕ್ಸ್‌ಎಲ್’ ಸೀಟು ಅಂತ ಬೇರೆ ದುಡ್ಡು ಕೇಳ್ತಿದೆ. ಒಂದು ಗಂಟೆ ಹಾರಾಟಕ್ಕೆ ಇದು ಬೇಕಾ?

ಉತ್ತರ: ಬಹುತೇಕರಿಗೆ ಬೇಡ ಅಂತೀನಿ. ನಿಮ್ಮ ಎತ್ತರಕ್ಕೆ ಮಾತ್ರ ಸ್ವಲ್ಪ ನೋಡಬೇಕು.

ಮನೆಯಲ್ಲೇ ಒಂದು ಅಳತೆ ತಗೊಳ್ಳಿ. ಸ್ಟೂಲನ್ನು ಗೋಡೆಗೆ ಒತ್ತಿ ಇಟ್ಟು, ಬೆನ್ನು ಗೋಡೆಗೆ ತಾಗುವ ಹಾಗೆ ನೆಟ್ಟಗೆ ಕೂತ್ಕೊಳ್ಳಿ. ಗೋಡೆಯಿಂದ ಮೊಣಕಾಲಿನ ತುದಿವರೆಗೆ ಮನೆಯವರಿಂದ ಟೇಪ್ ಹಿಡಿಸಿ. ಈಗ ವಿಮಾನದ ಲೆಕ್ಕ ಕೇಳಿ. ನಿಮ್ಮ ಸೀಟಿನ ಬೆನ್ನಿನಿಂದ ಮುಂದಿನ ಸೀಟಿನ ಬೆನ್ನಿನವರೆಗಿನ ದೂರಕ್ಕೆ ಪಿಚ್ ಅಂತಾರೆ. ಕಡಿಮೆ ದರದ ವಿಮಾನಗಳಲ್ಲಿ ಅದು ಸುಮಾರು 28ರಿಂದ 30 ಇಂಚು. ಆದರೆ ಅಷ್ಟೂ ಕಾಲಿಗೆ ಸಿಗಲ್ಲ, ಸೀಟಿನ ಬೆನ್ನಿನ ದಪ್ಪವೂ ಅದರಲ್ಲೇ ಸೇರಿದೆ. ಸೀಟು ಎಷ್ಟೇ ತೆಳ್ಳಗಿದ್ದರೂ ಎರಡು ಇಂಚು ಕಳೀರಿ. ನಿಮ್ಮ ಟೇಪಿನಲ್ಲಿ 24 ಇಂಚಿನೊಳಗೆ ಬಂದರೆ ಮಾಮೂಲಿ ಸೀಟು ಸಾಕು. 25 ದಾಟಿದರೆ ಮೊಣಕಾಲು ಮುಂದಿನ ಸೀಟಿಗೆ ಒತ್ತಬಹುದು. ಆಗ ದುಡ್ಡು ಕೊಡೋದರಲ್ಲಿ ತಪ್ಪಿಲ್ಲ.

ಇನ್ನೊಂದು ಮಾತು. ಕಾಲಡಿಯ ಜಾಗವನ್ನು ಅರ್ಧ ತಿನ್ನೋದು ನಮ್ಮದೇ ಚೀಲ. ನಮ್ಮ ಕಡೆಯವರು ಕುಂದಾ, ಕರದಂಟಿನ ಡಬ್ಬಿಗಳ ಕೈಚೀಲವನ್ನು ಮೇಲಿಡದೆ ಕಾಲ ಹತ್ತಿರವೇ ಇಟ್ಟುಕೊಂಡು, ಆಮೇಲೆ ಸೀಟು ಇಕ್ಕಟ್ಟು ಅಂತಾರೆ. ಚೀಲ ಮೇಲಿಡಿ. ಮುಂದಿನ ಸೀಟಿನ ಅಡಿಗೆ ಪಾದ ಸರಿಸಿ. ಆ ಜಾಗಕ್ಕೆ ಯಾರೂ ದುಡ್ಡು ಕೇಳಲ್ಲ.

ಪ್ರಶ್ನೆ (ಅವರದೇ): ಯಾವ ವಿಮಾನ ಅನ್ನೋದರ ಮೇಲೆ ಏನಾದರೂ ವ್ಯತ್ಯಾಸ ಇದೆಯಾ ಸರ್?

ಉತ್ತರ: ತುಂಬಾ ಇದೆ. ಜನ ಸೀಟು ನೋಡ್ತಾರೆ, ವಿಮಾನದ ಹೆಸರು ನೋಡಲ್ಲ. ಬುಕಿಂಗ್ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತೆ.

ಇಂಡಿಗೋದ ಎಟಿಆರ್ 72 ಅಂದ್ರೆ ರೆಕ್ಕೆಗೆ ಪಂಖ ಇರೋ ವಿಮಾನ. 78 ಸೀಟು, ಆ ಕಡೆ ಎರಡು, ಈ ಕಡೆ ಎರಡು. ನಡುವಿನ ಸೀಟೇ ಇಲ್ಲ. ಇದರಲ್ಲಿ ಹತ್ತೋದು ಇಳಿಯೋದು ಹಿಂದಿನ ಬಾಗಿಲಿಂದ, ಮುಂಭಾಗದಲ್ಲಿ ಲಗೇಜು. ಬೇಗ ಇಳಿಯಬಹುದು ಅಂತ ಮೊದಲ ಸಾಲಿಗೆ ದುಡ್ಡು ಕೊಟ್ಟವರು ಎಲ್ಲರೂ ಇಳಿದ ಮೇಲೆ ಇಳೀತಾರೆ! ಪಂಖದ ಸದ್ದೂ ಮುಂದೆಯೇ ಜಾಸ್ತಿ. ಒಳಗಿನ ಎತ್ತರ 1.91 ಮೀಟರ್. ನಿಮ್ಮ ಆರಡಿ ಮೂರಿಂಚೂ ಹೆಚ್ಚುಕಮ್ಮಿ ಅಷ್ಟೇ, ತಲೆ ಜೋಪಾನ.

ಸ್ಟಾರ್ ಏರ್‌ನವರ ಹತ್ತಿರ ಎಂಬ್ರೇರ್ 145 ಮತ್ತು 175 ಇವೆ. 145ರಲ್ಲಿ ಒಂದು ಕಡೆ ಒಂದೇ ಸೀಟು, ಇನ್ನೊಂದು ಕಡೆ ಎರಡು. ಆ ಒಂಟಿ ಸೀಟು ಸಿಕ್ಕರೆ ಕಿಟಕಿಯೂ ನಿಮ್ಮದೇ, ಓಡಾಡುವ ದಾರಿಯೂ ಪಕ್ಕದಲ್ಲೇ. ಪಕ್ಕದವರ ಮೊಣಕೈ ಕಾಟ ಇಲ್ಲ. ಕೇಳಿದರೆ ಎಕ್ಸ್‌ಎಲ್‌ಗಿಂತ ಅದನ್ನೇ ಹಿಡೀರಿ ಅಂತೀನಿ. ಒಳಗಿನ ಎತ್ತರ ಮಾತ್ರ 1.82 ಮೀಟರ್. ನೀವು ಬಗ್ಗಿಯೇ ನಡೀಬೇಕು.

ಪ್ರಶ್ನೆ (ಬಾಗಲಕೋಟೆ): ಸರ್, ನಮ್ಮ ಅವ್ವನಿಗೆ ಬಲಗಾಲಿನ ಮಂಡಿ ಬದಲಿ ಆಪರೇಷನ್ ಆಗಿದೆ. ಈಗ ನಡೀತಾಳೆ, ಆದ್ರೆ ಜಾಸ್ತಿ ಹೊತ್ತು ಮಡಚಿ ಕೂರೋಕಾಗಲ್ಲ. ಅವಳಿಗೆ ಎಕ್ಸ್‌ಎಲ್ ತಗೊಳ್ಳಬೇಕು ಅಂತಿದ್ದೀನಿ.

ಉತ್ತರ: ಅಕ್ಕಾರೆ, ಒಂದು ನಿಮಿಷ ನಿಲ್ಲಿ. ಎಕ್ಸ್‌ಎಲ್ ಅಂತ ಮಾರೋ ಸೀಟುಗಳಲ್ಲಿ ಜಾಸ್ತಿ ಇರೋದು ತುರ್ತು ಬಾಗಿಲಿನ ಸಾಲಿನವು. ಅಲ್ಲಿ ಜಾಗ ಬಿಟ್ಟಿರೋದೇ ಅವಸರ ಬಂದಾಗ ಜನ ಹೊರಗೆ ಹೋಗಲಿ ಅಂತ. ಅಲ್ಲಿ ಕೂತವರು ಬೇಕಾದರೆ ಬಾಗಿಲು ಎತ್ತಿ ತೆಗೀಬೇಕು. ಹಾಗಾಗಿ ಮಕ್ಕಳು, ಗರ್ಭಿಣಿಯರು, ನಡೆಯೋಕೆ ತೊಂದರೆ ಇರುವವರಿಗೆ ಆ ಸಾಲು ಕೊಡಲ್ಲ. ದುಡ್ಡು ಕೊಟ್ಟು ತಗೊಂಡಿದ್ದರೂ ಸಿಬ್ಬಂದಿ ಬಂದು ‘ಸಹಾಯ ಮಾಡ್ತೀರಾ’ ಅಂತ ಕೇಳಿ, ಆಗಲ್ಲ ಅಂದ್ರೆ ಎಬ್ಬಿಸಿ ಬೇರೆ ಕಡೆ ಕೂರಿಸ್ತಾರೆ. ಕೌಂಟರಿನಲ್ಲಿ ಇದೇ ವಿಷಯಕ್ಕೆ ಜಗಳ ಆಗೋದನ್ನ ನೋಡಿ ನೋಡಿ ಸಾಕಾಗಿದೆ.

ಅವ್ವಾರಿಗೆ ಬೇಕಿರೋದು ದಾರಿ ಪಕ್ಕದ ಸೀಟು, ಅದೂ ಸರಿಯಾದ ಕಡೆಯದು. ಬಲಗಾಲು ಚಾಚಬೇಕಂದ್ರೆ ದಾರಿ ಅವರ ಬಲಕ್ಕೆ ಇರಬೇಕು. ಅಂದ್ರೆ ವಿಮಾನದ ಎಡಭಾಗದಲ್ಲಿ ಕೂರಿಸಿ. ಏರ್‌ಬಸ್ 320 ಆದ್ರೆ ‘ಸಿ’ ಸೀಟು. ಎಡಗಾಲಾಗಿದ್ದರೆ ‘ಡಿ’ ಅಂತಿದ್ದೆ. ತಿಂಡಿ ಗಾಡಿ ಬರುವಾಗ ಕಾಲು ಒಳಗೆ ಎಳ್ಕೊಳ್ಳಬೇಕು, ಅಷ್ಟೇ.

ಮೊದಲ ಸಾಲು ಹೇಗೆ ಅಂತ ಕೇಳಬಹುದು. ಆ ಸಾಲಿನ ಪಕ್ಕ ತುರ್ತು ಬಾಗಿಲಿಲ್ಲದ ವಿಮಾನದಲ್ಲಿ ಕೊಡಬಹುದು, ಆದರೆ ಎಟಿಆರ್‌ನಲ್ಲಿ ಮೊದಲ ಸಾಲಿನ ಪಕ್ಕವೇ ತುರ್ತು ಬಾಗಿಲು. ಇನ್ನೊಂದು: ಎದುರಿಗೆ ಸೀಟಿಲ್ಲದ ಸಾಲಿನಲ್ಲಿ ಊಟದ ಹಲಗೆ ಸೀಟಿನ ಪಕ್ಕದ ಕೈಯಿಡೋ ಹಿಡಿಯೊಳಗೆ ಇರುತ್ತೆ. ಆ ಹಿಡಿ ಎತ್ತೋಕೆ ಬರಲ್ಲ. ಮೈಕಟ್ಟು ದಪ್ಪ ಇದ್ದವರಿಗೆ ಕಾಲಿಗೆ ಸಿಕ್ಕ ಸುಖ ಸೊಂಟಕ್ಕೆ ಸಿಗಲ್ಲ.

ನಿಜ ಹೇಳಬೇಕಂದ್ರೆ ಅವರಿಗೆ ಕಷ್ಟ ಆಗೋದು ಸೀಟಿನಲ್ಲಲ್ಲ, ಮೆಟ್ಟಿಲಲ್ಲಿ. ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಬೇಕು ಅಂತ ಹಾಕಿ, ಕಡೇಪಕ್ಷ 48 ಗಂಟೆ ಮುಂಚೆ. ಸೆಕ್ಯುರಿಟಿಯಲ್ಲಿ ಮಂಡಿಯೊಳಗಿನ ಲೋಹಕ್ಕೆ ಯಂತ್ರ ಕೂಗಬಹುದು. ಗಾಬರಿ ಬೇಡ, ಆಪರೇಷನ್ ಆಗಿದೆ ಅಂತ ಮೊದಲೇ ಹೇಳಿ. ಆಸ್ಪತ್ರೆಯ ಚೀಟಿ ಕೈಯಲ್ಲಿರಲಿ.

ಪ್ರಶ್ನೆ (ವಿಜಯಪುರ): ನಾವು ವಿಮಾನ ಹತ್ತೋದು ಸಾಂಬ್ರಾದಲ್ಲಿ, ಇಲ್ಲ ಹುಬ್ಬಳ್ಳಿಯಲ್ಲಿ. ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತೆ ಅಂತಾರಲ್ಲ, ಅದಕ್ಕಾದರೂ ಈ ಸೀಟು ಒಳ್ಳೇದಲ್ವಾ?

ಉತ್ತರ: ನಾನು ಡಾಕ್ಟರ್ ಅಲ್ಲ, ಆದ್ರೆ ಆ ಎಚ್ಚರಿಕೆ ಹೇಳೋದು ನಾಲ್ಕು ಗಂಟೆ ಮೀರಿದ ಪ್ರಯಾಣಕ್ಕೆ. ವಿಮಾನ ಅಂತಲ್ಲ, ಕಾರು ಬಸ್ಸಿನಲ್ಲಿ ಅಲುಗಾಡದೆ ಕೂತರೂ ಅದೇ. ನೀವು ವಿಜಯಪುರದಿಂದ ಸಾಂಬ್ರಾಕ್ಕೆ ಕಾರಿನಲ್ಲಿ ಬರೋದೇ ಸುಮಾರು 200 ಕಿಲೋಮೀಟರ್. ವಿಮಾನದ ಒಂದು ಗಂಟೆಗೆ ದುಡ್ಡು ಕೊಟ್ಟು, ಕಾರಿನ ನಾಲ್ಕು ಗಂಟೆ ಹಿಂದಿನ ಸೀಟಲ್ಲಿ ಮುದುಡಿ ಕೂತರೆ ಏನು ಬಂತು? ಮುಧೋಳದಲ್ಲೊಮ್ಮೆ, ಯರಗಟ್ಟಿಯಲ್ಲೊಮ್ಮೆ ಇಳಿದು ಚಹಾ ಕುಡೀರಿ, ಐದು ನಿಮಿಷ ಅಡ್ಡಾಡಿ. ಹಿಂದೆ ಹೆಪ್ಪುಗಟ್ಟಿದ ತೊಂದರೆ ಇದ್ದವರು, ಹೊಸದಾಗಿ ಆಪರೇಷನ್ ಆದವರು ಡಾಕ್ಟರನ್ನ ಕೇಳಿಯೇ ಹೊರಡಿ.

ಪ್ರಶ್ನೆ (ಚಿಕ್ಕೋಡಿ): ನಾನು ದುಡ್ಡು ಕೊಟ್ಟು ಎಕ್ಸ್‌ಎಲ್ ತಗೊಂಡೆ. ಆ ದಿನ ವಿಮಾನ ಬದಲಾಯ್ತು ಅಂತ ಹಿಂದಿನ ಸಾಲಿಗೆ ಹಾಕಿದರು. ಕೇಳಿದರೆ ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ.

ಉತ್ತರ: ವಿಮಾನ ಬದಲಾಗೋದು ಇದ್ದದ್ದೇ. ಆದ್ರೆ ಕೊಡದ ಸೀಟಿನ ದುಡ್ಡು ವಾಪಸ್ ಕೇಳೋದು ನಿಮ್ಮ ಹಕ್ಕು. ತಾವಾಗಿ ಹಾಕ್ತಾರೆ ಅಂತ ಸುಮ್ನೆ ಕೂರಬೇಡಿ. ಹಳೆ ಸೀಟು ನಂಬರ್ ಇರೋ ರಸೀದಿ, ಹೊಸ ಬೋರ್ಡಿಂಗ್ ಪಾಸ್ ಎರಡನ್ನೂ ಫೋಟೋ ತೆಗೆದು ಕಂಪನಿಗೆ ಮೇಲ್ ಮಾಡಿ. ಜಪ್ಪಯ್ಯ ಅಂದ್ರೂ ಕೊಡದಿದ್ದರೆ ವಿಮಾನಯಾನ ಸಚಿವಾಲಯದ ಏರ್‌ಸೇವಾ ವೆಬ್‌ಸೈಟಿನಲ್ಲಿ ದೂರು ಹಾಕಿ.

ಪ್ರಶ್ನೆ (ಬೆಳಗಾವಿ, ಶಹಾಪುರ): ವಿಮಾನ ಖಾಲಿ ಇದ್ರೆ ಹೋಗಿ ಎಕ್ಸ್‌ಎಲ್‌ನಲ್ಲಿ ಕೂತರೆ ಆಗಲ್ವಾ? 😄

ಉತ್ತರ: ಕೇಳದೆ ಕೂರಬೇಡಿ. ಸಣ್ಣ ವಿಮಾನದಲ್ಲಿ ಮುಂದೆ ಹಿಂದೆ ತೂಕ ನೋಡಿಯೇ ಜನರನ್ನ ಕೂರಿಸಿರ್ತಾರೆ.

ಪ್ರಶ್ನೆ (ಗೋಕಾಕದವರೇ ಮತ್ತೆ): ಅಳೆದೆ ಸರ್. 26 ಇಂಚು ಬಂತು. ನನ್ನ ಜೊತೆ ಎಂಟು ವರ್ಷದ ಮಗನೂ ಬರ್ತಾನೆ.

ಉತ್ತರ: ಹಾಗಾದ್ರೆ ತುರ್ತು ಬಾಗಿಲಿನ ಸಾಲು ಮರೆತುಬಿಡಿ, ಮಗನಿಗೆ ಅಲ್ಲಿ ಕೊಡಲ್ಲ. ಹನ್ನೆರಡರೊಳಗಿನ ಮಕ್ಕಳನ್ನ ಒಂದೇ ಟಿಕೆಟ್‌ನಲ್ಲಿರೋ ತಂದೆಯ ಇಲ್ಲ ತಾಯಿಯ ಪಕ್ಕದಲ್ಲೇ ಕೂರಿಸಬೇಕು ಅಂತ ವಿಮಾನಯಾನದ ನಿಯಮ ನೋಡಿಕೊಳ್ಳೋ ಡಿಜಿಸಿಎ 2024ರಲ್ಲೇ ಹೇಳಿದೆ. ಅದಕ್ಕೆ ಇಬ್ಬರಿಗೂ ಒಂದೇ ಪಿಎನ್‌ಆರ್ ಮಾಡಿಸಿ. ಎರಡೆರಡು ಸೀಟಿನ ವಿಮಾನ ಆರಿಸಿ. ಮಗನಿಗೆ ಕಿಟಕಿ, ನಿಮಗೆ ದಾರಿ ಪಕ್ಕ. ಒಂದು ಕಾಲು ದಾರಿಗೆ, ಇನ್ನೊಂದು ಮುಂದಿನ ಸೀಟಿನಡಿ. ಮುಂದೆ ಡೆಲ್ಲಿಗೆ ಒಬ್ಬರೇ ಹೋಗೋದಿದ್ರೆ ಎರಡೂವರೆ ಗಂಟೆ ಆಗುತ್ತೆ, ಆಗ ಎಕ್ಸ್‌ಎಲ್‌ಗೆ ಕೊಡಿ. ಮೊದಲು ವಾಪಸ್ ದಿನಾಂಕ ಕಳಿಸಿ, ಇವತ್ತಿನ ದರ ನೋಡಿ ಹೇಳ್ತೀನಿ.