ಸಹಾಯ ಬೇಕು: ಹತ್ತನೇ ತರಗತಿಗೆ ಎರಡು ಎಪಿ ವಿಷಯಗಳೇ, ಒಂದೇ?

ಎಲ್ಲರಿಗೂ ನಮಸ್ಕಾರ. ಅಮೆರಿಕದ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿ ಓದುತ್ತಿರುವ ನನ್ನ ಮಗಳ ಮುಂದಿನ ವರ್ಷದ ವಿಷಯಗಳನ್ನು ಈ ಶುಕ್ರವಾರದೊಳಗೆ ಆರಿಸಿ ಕೊಡಬೇಕಾಗಿದೆ. ವಿಶ್ವ ಇತಿಹಾಸ ಮತ್ತು ಕಂಪ್ಯೂಟರ್ ಸೈನ್ಸ್ ಎರಡನ್ನೂ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಪಾಠ) ಮಟ್ಟದಲ್ಲಿ ತೆಗೆದುಕೊಂಡರೆ ಅವಳು ಜೀವದಂತೆ ಹಚ್ಚಿಕೊಂಡಿರುವ ರೊಬಾಟಿಕ್ಸ್ ತಂಡವನ್ನು ಬಿಡಬೇಕಾಗುತ್ತದೆ. ಈಗಲೇ ಮೊನ್ನೆ ರಾತ್ರಿ ಹನ್ನೊಂದೂವರೆಗೆ, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದೇ ಬೀಜಗಣಿತದ ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದಳು.

ಶಾಲೆಯ ಕೌನ್ಸೆಲರ್ ಅವರನ್ನು ಕೇಳಿದಾಗ 'ಸಮತೋಲನವಿರಲಿ' ಎಂದಷ್ಟೇ ಹೇಳಿದರು. ಹಲವು ಕಾಲೇಜುಗಳಿಗೆ ಒಂದೇ ನಮೂನೆಯಲ್ಲಿ ಸಲ್ಲಿಸುವ ಕಾಮನ್ ಆ್ಯಪ್ ಅರ್ಜಿಯಲ್ಲಿ ಗರಿಷ್ಠ 10 ಚಟುವಟಿಕೆಗಳಿಗೆ ಜಾಗವಿದೆ, ಪ್ರತಿಯೊಂದರ ವಿವರವೂ 150 ಅಕ್ಷರಗಳೊಳಗೆ ಮುಗಿಯಬೇಕು ಎಂಬುದು ತಿಳಿದಿದೆ. ಕಾಲೇಜುಗಳು ತಮ್ಮ ಪ್ರವೇಶ ಮುಂತಾದ ಮಾಹಿತಿಯನ್ನು ಪ್ರಕಟಿಸುವ ಕಾಮನ್ ಡೇಟಾ ಸೆಟ್‌ನ ಸಿ7 ವಿಭಾಗವನ್ನೂ ಓದಿದೆ. ವಿಷಯಗಳ ಕಠಿಣತೆಗೂ ಚಟುವಟಿಕೆಗಳಿಗೂ ಎಷ್ಟು ಮಹತ್ವವೆಂದು ಅಲ್ಲಿ ಬೇರೆಬೇರೆಯಾಗಿ ಗುರುತಿಸಿರುತ್ತಾರೆಯೇ ಹೊರತು, ಒಂದಕ್ಕಾಗಿ ಇನ್ನೊಂದನ್ನು ಬಿಟ್ಟರೆ ಏನಾಗುತ್ತದೆಂದು ತಿಳಿಯುವುದಿಲ್ಲ. ಅಂಕವೊಂದನ್ನೇ ನಂಬಿ ಓದಿದ ನನಗೆ ಈ ಲೆಕ್ಕಾಚಾರ ಹೊಸತು.

ಹತ್ತನೇ ತರಗತಿಯಲ್ಲಿ ಒಂದೇ ಎಪಿ ವಿಷಯ ತೆಗೆದುಕೊಂಡು ರೊಬಾಟಿಕ್ಸ್ ಉಳಿಸಿಕೊಂಡು, ಹನ್ನೊಂದರಲ್ಲಿ ಕಠಿಣ ವಿಷಯಗಳನ್ನು ಹೆಚ್ಚಿಸಿದರೆ ಎಂಜಿನಿಯರಿಂಗ್ ಪ್ರವೇಶಕ್ಕೆ ಹಿನ್ನಡೆಯಾದೀತೇ? ಮಕ್ಕಳನ್ನು ಈ ಹಂತ ದಾಟಿಸಿದವರು ದಯವಿಟ್ಟು ತಿಳಿಸುವಿರಾ?